ಪಬ್ಬಿಗೆ ಹೋದ ಬೀಗರ ಹಾಡು

ನನ್ನ ಹತ್ತಿರ ಹಾಡು ಕಲಿಯಲು ಬರುವ ಹುಡುಗಿಯರು ಮೊದಲ ದಿನ ಸ್ವರ, ತಾಳ, ಉಸಿರು ಎಂದೆಲ್ಲ ವಿನಯವಾಗಿ ಕೇಳುತ್ತಾರೆ. ಎರಡನೆಯ ದಿನ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬಾಗಿಲಲ್ಲೇ ನಿಂತು, “ಆಂಟಿ, ಆ ‘ಲೈಟ್ ಆರ್ಸು’ ಹಾಡು ನಿಮ್ದೇ ಅಂತೆ, ಹೌದಾ?” ಎಂದು ಕೇಳಿ ಕಿಸಕ್ಕನೆ ನಗುತ್ತಾರೆ. ಹೌದು ಕಣ್ರಮ್ಮ, ನಂದೇ. ಪಬ್ಬುಗಳಲ್ಲಿ ಹುಡುಗರು ಮೈಮೇಲೆ ದೇವರು ಬಂದವರ ಹಾಗೆ ಕುಣಿದ ಹಾಡು, ಟೀವಿಯಲ್ಲಿ ದೊಡ್ಡ ಮನುಷ್ಯರು ಛೀಮಾರಿ ಹಾಕಿದ ಹಾಡು, ಅದರಲ್ಲಿರುವ ಗಂಟಲು ನನ್ನದು. ಹಾಡು ಮಾತ್ರ ನನ್ನದಲ್ಲ. ಅದು ಯಾರದ್ದು, ಎಲ್ಲಿಂದ ಎಲ್ಲಿಗೆ ಹೋಯಿತು ಎನ್ನುವುದನ್ನು ಒಂದು ಸಲ ಸರಿಯಾಗಿ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಯುವಂಥದ್ದಲ್ಲ.

ನಾನು ಜಯಮ್ಮ. ದೊಡ್ಡಬಳ್ಳಾಪುರದ ಕಡೆ, ರಾಜಘಟ್ಟದಿಂದ ಸ್ವಲ್ಪ ಆಚೆಗಿರುವ ಹಳ್ಳಿಯ ಸೊಸೆ. ಇಪ್ಪತ್ತೆರಡು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡಿದೆ. ಟ್ರ್ಯಾಕ್ ಎಂದರೆ ಏನು ಎಂದು ನಮ್ಮೂರಿನಲ್ಲಿ ಕೇಳದವರಿಲ್ಲ. ಹೆಸರಾದ ಗಾಯಕಿಗೆ ಪುರುಸೊತ್ತಿರುವುದಿಲ್ಲ. ಅವರು ಬರುವ ಮೊದಲೇ ನಮ್ಮಂಥವರು ಆ ಹಾಡನ್ನು ಪೂರ್ತಿ ಹಾಡಿ ಇಡಬೇಕು. ಅವರು ಬಂದು, ಅದನ್ನು ಕಿವಿಯಲ್ಲಿ ಕೇಳಿಕೊಂಡು, ತಮ್ಮ ದನಿಯಲ್ಲಿ ಹಾಡಿ ಹೋಗುತ್ತಾರೆ. ಆಮೇಲೆ ನಮ್ಮ ದನಿಯನ್ನು ಅಳಿಸುತ್ತಾರೆ. “ಅಳ್ಸಾಕೋದಕ್ಕೆ ಅಷ್ಟು ದೂರ ಹೋಗ್ಬೇಕೇನೆ?” ಎಂದು ನನ್ನ ಓರಗಿತ್ತಿ ಕೇಳುತ್ತಿದ್ದಳು. ಹಾಡುವಾಗ ಸಿಗುವ ಸುಖ ಅಳಿಸಿದರೂ ಹೋಗುವುದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಈ ಕೆಲಸಕ್ಕೆ ನನ್ನನ್ನು ಕರೆದವರು ಸುಂದರ್ ಮಾಸ್ಟರ್. ತಾಲ್ಲೂಕಿನ ಮಹಿಳಾ ಮಂಡಳಿಯವರು ದೇವರ ನಾಮದ ಕ್ಯಾಸೆಟ್ ಮಾಡಿಸಿದಾಗ ಅದಕ್ಕೆ ಸಂಗೀತ ಕೂಡಿಸಲು ಬಂದಿದ್ದರು. ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿದ್ದ ನನ್ನನ್ನು ಬೆರಳು ಮಾಡಿ ಕರೆದು, “ಏನಮ್ಮಾ, ಶ್ರುತಿ ಗಟ್ಟಿಯಾಗಿದೆ. ಬೆಂಗಳೂರಿಗೆ ಬರ್ತೀಯಾ?” ಎಂದರು. ನಮ್ಮ ಮನೆಯಲ್ಲಿ ಅಂಥ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನನಗಾಗಲಿ, ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರಿಗಾಗಲಿ ಇರಲಿಲ್ಲ. ಅದು ನಮ್ಮ ದೊಡ್ಡ ಭಾವನವರದು. ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ, ಮೀಸೆಯ ಮರೆಯಲ್ಲೇ ನಗುತ್ತಿದ್ದರು. ಒಂದು ದಿನವೆಲ್ಲ ಯೋಚಿಸಿ ಹೇಳಿದರು:

“ಹೋಗಮ್ಮ. ಆದ್ರೆ ಒಂದು ಮಾತು. ದೇವ್ರ ಹಾಡು, ಒಳ್ಳೆ ಹಾಡು, ಅಷ್ಟೇಯ. ಅಡ್ಡಾದಿಡ್ಡಿ ಹಾಡು ಹಾಡಿದ್ದು ನನ್ ಕಿವಿಗೆ ಬಿತ್ತೋ, ಅವತ್ತೇ ನಿನ್ ಬಸ್ ಪಾಸು ಹರಿದಾಕ್ತೀನಿ.”

ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಹಾಗಾಗಿ ಇಪ್ಪತ್ತು ಚಿಲ್ಲರೆ ವರ್ಷ ನಾನು ಆ ಪಾಸನ್ನು ಮುತ್ತೈದೆ ತಾಳಿ ಕಾಪಾಡಿದ ಹಾಗೆ ಕಾಪಾಡಿಕೊಂಡೆ.

ನಾನು ಬೆಳಗ್ಗೆ ಬಸ್ಸು ಹತ್ತಿದರೆ ಮನೆ ನಡೆಸುತ್ತಿದ್ದವರು ನನ್ನ ಅತ್ತೆ ಮುನಿಯಮ್ಮ. ಹಸುವಿನ ಮೈ ತೊಳೆದು, ನನ್ನ ಇಬ್ಬರು ಮಕ್ಕಳ ಜಡೆ ಹೆಣೆದು, ನನಗೆ ಮುದ್ದೆಯ ಬದಲು ಚಪಾತಿ ಕಟ್ಟಿಕೊಡುತ್ತಿದ್ದರು, ಪೇಟೆಯವರ ಮುಂದೆ ಮುದ್ದೆ ಬಿಚ್ಚಲು ನನಗೆ ನಾಚಿಕೆಯಾಗಬಹುದೆಂದು. ನಾನು ಬಂದ ಮೇಲೆ, “ಇವತ್ತೇನು ಹಾಡ್ದೆ? ಹಾಡು ಕೇಳಾನ” ಎನ್ನುವರು. ಅಡುಗೆ ಮನೆಯಲ್ಲಿ ಅವರೆಕಾಳು ಹಿಸುಕುತ್ತಾ ನಾನು ಹಾಡುತ್ತಿದ್ದೆ, ಅವರು ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಅದನ್ನೇ ಒಂದು ಸಲ ಮೆಲ್ಲಗೆ ಗುನುಗಿ ನೋಡುತ್ತಿದ್ದರು. ಆಗ ಅದನ್ನು ನಾನು ಗಮನಿಸಿದ್ದೆನೇ ಹೊರತು ಅದರ ಬಗ್ಗೆ ಏನೂ ಯೋಚಿಸಿರಲಿಲ್ಲ.

ಇನ್ನು ನನ್ನ ದಡ್ಡತನಗಳು. ಹೊಸಬರು ಇದನ್ನು ಚೆನ್ನಾಗಿ ಓದಿಕೊಳ್ಳಿ.

ಮೊದಲ ಟ್ರ್ಯಾಕಿನಲ್ಲೇ ನಾನು ನನಗೆ ಬರುವ ಸಂಗತಿಗಳನ್ನೆಲ್ಲ ಸುರಿದೆ. ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಒಂದು ಕೊಂಕು, ಒಂದು ಬಳುಕು. ಮಾರನೆಯ ದಿನ ಬಂದ ದೊಡ್ಡ ಗಾಯಕಿ ಅದನ್ನು ಕೇಳಿ ಕಿವಿಯಿಂದ ಹೆಡ್‌ಫೋನ್ ಕಿತ್ತಿಟ್ಟು, “ಇದನ್ನ ನಾನು ಹಾಡಬೇಕಾ, ಬಿಡಿಸಬೇಕಾ?” ಎಂದರಂತೆ. ಮಾಸ್ಟರ್ ನನ್ನನ್ನು ಕರೆದು ಕೂರಿಸಿಕೊಂಡು, “ಟ್ರ್ಯಾಕ್ ಅಂದ್ರೆ ರಂಗೋಲಿಗೆ ಇಡೋ ಚುಕ್ಕಿ ಕಣಮ್ಮ. ಗೆರೆ ಎಳೆಯೋರು ಬೇರೆ. ನೀನು ಚುಕ್ಕಿ ನೆಟ್ಟಗಿಡು, ಸಾಕು” ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಮೆಲ್ಲಗೆ ಹೇಳಿದ್ದರಿಂದ ಇವತ್ತಿಗೂ ನೆನಪಿದೆ.

ಎರಡನೆಯದು ಬಳೆಯ ಗಲಾಟೆ. ನಮ್ಮ ಕಡೆ ಹೆಂಗಸರ ಎರಡೂ ಕೈಗೆ ಡಜನ್‌ಗಟ್ಟಲೆ ಗಾಜಿನ ಬಳೆ. ಮೈಕಿನ ಮುಂದೆ ಕೈ ಅಲ್ಲಾಡಿದರೆ ಘಲ್ ಘಲ್. ಒಳಗಿನ ಇಂಜಿನಿಯರು, “ಬಳೆ ತೆಗೀರಿ ಮೇಡಂ” ಎಂದ. “ಗಂಡ ಇರೋಳು ಬಳೆ ತೆಗಿತಾಳೇನಪ್ಪ?” ಎಂದು ನಾನು ರೇಗಿದೆ. ಆಗ ಎಲ್ಲ ವಾದ್ಯದವರೂ ಒಂದೇ ಕೋಣೆಯಲ್ಲಿ ಕೂತು ಬಾರಿಸುವ ಕಾಲ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ನನ್ನ ಬಳೆಯಿಂದಾಗಿ ಪಿಟೀಲಿನ ಹಿರಿಯರೊಬ್ಬರು ಒಂದೇ ಸಾಲನ್ನು ಎಂಟು ಸಲ ಬಾರಿಸಿದರು. ಕೊನೆಗೆ ಅವರೇ ಎದ್ದು ಬಂದು, ತಮ್ಮ ಹೆಗಲ ಮೇಲಿದ್ದ ಟವೆಲನ್ನು ಎರಡಾಗಿ ಹರಿದು, ನನ್ನ ಎರಡೂ ಕೈಗೆ ಬಳೆಯ ಮೇಲೆ ಸುತ್ತಿ ಗಂಟು ಹಾಕಿ, “ಈಗ ಹಾಡು ತಾಯಿ” ಎಂದರು. ಅವತ್ತಿನಿಂದ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಎರಡು ತುಂಡು ಬಟ್ಟೆ ಇಲ್ಲದ ದಿನ ಇಲ್ಲ.

ಆಮೇಲೆ ಕಂಪ್ಯೂಟರು ಬಂತು. ವಾದ್ಯದವರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೋಣೆಯಲ್ಲಿ ನಾನು ಒಬ್ಬಳೇ, ಗಾಜಿನ ಆಚೆ ಮಾಸ್ಟರು ಮತ್ತು ಒಂದು ಪರದೆ. ಶ್ರುತಿ ಜಾರಿದರೆ ಪರದೆಯ ಮೇಲೆ ಗೆರೆ ಎಳೆದು ಮೇಲೆತ್ತುತ್ತಿದ್ದರು. ನನಗೆ ಅದು ಒಗ್ಗಲು ವರ್ಷವೇ ಹಿಡಿಯಿತು. ಜೊತೆಗೆ ಯಾರೂ ಇಲ್ಲದೆ ಹಾಡುವುದು ನಮ್ಮ ಹಳ್ಳಿಯ ಹೆಂಗಸಿಗೆ ಕಷ್ಟ. ನಾವು ಗುಂಪಿನಲ್ಲೇ ಹಾಡಿ ಬೆಳೆದವರು.

ಆ ಹಾಡು ಹುಟ್ಟಿದ್ದು ಅಂಥ ಒಂದು ಖಾಲಿ ಕೋಣೆಯಲ್ಲಿ.

ಒಂದು ಸಿನಿಮಾಕ್ಕೆ ಪಬ್ಬಿನಲ್ಲಿ ಕುಣಿಯುವ ಹಾಡು ಬೇಕಾಗಿತ್ತು. ನಿರ್ದೇಶಕ ಚಿಕ್ಕ ವಯಸ್ಸಿನವನು. ಮೂರು ದಿನದಿಂದ ಮಾಸ್ಟರು ಹಾಕಿದ ಯಾವ ಮಟ್ಟೂ ಅವನಿಗೆ ಹಿಡಿಸಿರಲಿಲ್ಲ. ಹಾಡು ಬರೆಯುವವರು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಮಾಸ್ಟರು ಬೇಸತ್ತು, “ಜಯಮ್ಮಾ, ಬೀಟ್ ಬಿಡ್ತೀನಿ, ಬಾಯಿಗೆ ಬಂದಿದ್ದು ಹಾಡು. ಪದ ಆಮೇಲೆ ಕೂರಿಸ್ತಾರೆ” ಎಂದರು.

ಅದಕ್ಕೆ ಎರಡು ದಿನ ಮೊದಲು ನಮ್ಮ ಪಕ್ಕದ ಮನೆಯ ಮದುವೆ ಆಗಿತ್ತು. ನಮ್ಮಲ್ಲಿ ಮದುವೆ ಎಂದರೆ ಬೀಗರನ್ನು ಆಡಿಕೊಂಡು ಹಾಡಲೇಬೇಕು. ಬೀಗರು ಎಲೆ ಮುಂದೆ ಕೂತಿರುವಾಗ ಹೆಂಗಸರು ಸುತ್ತ ನಿಂತು, ಚಪ್ಪಾಳೆ ತಟ್ಟುತ್ತಾ ಅವರ ಹೊಟ್ಟೆ, ಮೀಸೆ, ಜಿಪುಣತನ, ಮಲಗುವ ಕೋಣೆ, ಒಂದನ್ನೂ ಬಿಡದೆ ಎಳೆದು ಹಾಡುತ್ತಾರೆ. ಹಾಡಿಸಿಕೊಂಡವರು ಕೋಪ ಮಾಡಿಕೊಳ್ಳುವ ಹಾಗಿಲ್ಲ; ಮಾಡಿಕೊಂಡರೆ ಅದಕ್ಕೂ ಒಂದು ಪದ ಸಿದ್ಧ ಇರುತ್ತದೆ. ಇದರಲ್ಲಿ ನಮ್ಮತ್ತೆಯನ್ನು ಮೀರಿಸುವವರು ಸುತ್ತಲಿನ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಅವರ ಒಂದು ಹಾಡು, ಬೀಗಿತ್ತಿ ತನ್ನ ಗಂಡನ ಬಗ್ಗೆ ಅಕ್ಕನಿಗೆ ದೂರು ಹೇಳುವುದು:

“ದೀಪ ಆರ್ಸು ಅಂದ ಬೀಗ, ಆರ್ಸಿ ಬಂದೆ ಕಣಕ್ಕ
ಬಳೆ ಸದ್ದು ಬ್ಯಾಡ ಅಂದ, ಬಿಗಿ ಹಿಡ್ದೆ ಕಣಕ್ಕ
ಹತ್ರ ಬಾ ಅಂದ ಬೀಗ, ಹೋಗಿ ನಿಂತೆ ಕಣಕ್ಕ
ತಲೆದಿಂಬು ಕೊಡು ಅಂದ, ಗೊರಕೆ ಹೊಡ್ದ ಕಣಕ್ಕ!”

ಕೊನೆಯ ಸಾಲಿಗೆ ಹೆಂಗಸರೆಲ್ಲ ಸೇರಿ ಒಟ್ಟಿಗೆ ಗೊರಕೆ ಹೊಡೆಯಬೇಕು. ಛತ್ರದ ಸೂರೇ ಹಾರಿಹೋಗುವ ಹಾಗೆ ನಗು.

ಮಾಸ್ಟರು ಬಿಟ್ಟ ಬೀಟಿಗೆ ನನ್ನ ಬಾಯಿಗೆ ಬಂದದ್ದು ಅದು. ಚಪ್ಪಾಳೆ ಇಲ್ಲದೆ ಅದು ಓಡುವುದಿಲ್ಲ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದು ತಟ್ಟಿಕೊಂಡು ಹಾಡಿದೆ. ಬಳೆ ಘಲ್ಲೆಂದವು. ಹಾಡಿ ಮುಗಿಸಿ ನೋಡಿದರೆ ಗಾಜಿನ ಆಚೆ ನಿರ್ದೇಶಕ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಾನೆ! “ಎಲ್ಲಿಂದ ಬಂತಮ್ಮ ಇದು?” ಎಂದು ಮಾಸ್ಟರು ಕೇಳಿದರು. ನಮ್ಮತ್ತೆಯದು ಎಂದು ಹೇಳಬೇಕಾಗಿತ್ತು. ಮನೆಯ ಹೆಸರು ಎತ್ತಿದರೆ ಮಾತು ಭಾವನವರ ತನಕ ಹೋದೀತೆಂದು ಹೆದರಿ, “ಹಂಗೇ ಬಾಯಿಗೆ ಬಂತು ಮಾಸ್ಟರ್” ಎಂದುಬಿಟ್ಟೆ. ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಅದರ ಬೆನ್ನಿಗೇ ಇನ್ನೊಂದು. ಸಂಜೆ ಬಂದ ಹಾಡು ಬರೆಯುವವರು ದೀಪವನ್ನು ಲೈಟು ಮಾಡಿದರು, ಬೀಗನನ್ನು ಹುಡುಗ ಮಾಡಿದರು, ಪಬ್ಬಿನಲ್ಲಿ ಗೊರಕೆ ಯಾಕೆ ಎಂದು ನಾಲ್ಕನೆಯ ಸಾಲನ್ನು ಹೊಡೆದುಹಾಕಿ “ಬಂದೆ, ಬಂದೆ, ಬಂದೆ” ಎಂದು ಬರೆದರು. ಅದು ಸರಿಯಿಲ್ಲ ಎಂದು ನನಗೆ ಕೇಳಿದ ಕೂಡಲೇ ಗೊತ್ತಾಯಿತು. ಹೆಂಗಸರು ಗಂಡಸನ್ನು ನೋಡಿ ನಗುವ ಹಾಡು, ಗಂಡಸು ಹೆಂಗಸನ್ನು ನೋಡಿ ಬಾಯಿ ಬಿಡುವ ಹಾಡಾಯಿತು. ಆದರೆ ಟ್ರ್ಯಾಕಿನವಳು ಸಾಹಿತ್ಯದ ಮಾತಾಡುತ್ತಾಳೆಯೇ? ಬಾಯಿ ಮುಚ್ಚಿಕೊಂಡು ಹೊಸ ಪದಗಳನ್ನೇ ಹಾಡಿಕೊಟ್ಟೆ. ಹುಡುಗಿಯರೇ, ನೀವು ಮುಚ್ಚಿಕೊಳ್ಳಬೇಡಿ. ಹೇಳಿನೋಡಿ. ಹೆಚ್ಚೆಂದರೆ ಬೇಡ ಎಂದಾರು.

ಮುಂಬಯಿಯಿಂದ ಗಾಯಕಿ ಬಂದಳು. ಸಕ್ಕರೆಯಂಥ ದನಿ. ಎರಡು ಗಂಟೆ ಹಾಡಿದಳು. ಆಮೇಲೆ ತಾನೇ ಹೊರಗೆ ಬಂದು, ನನ್ನ ಟ್ರ್ಯಾಕನ್ನು ಇನ್ನೊಮ್ಮೆ ಕೇಳಿ, ನನ್ನ ಕೈ ಹಿಡಿದು ಬಳೆ ಅಲ್ಲಾಡಿಸಿ, “ಇವರದೇ ಇರಲಿ, ಇದು ನನ್ನಿಂದ ಆಗಲ್ಲ” ಎಂದು ಹಿಂದಿಯಲ್ಲಿ ಮಾಸ್ಟರಿಗೆ ಹೇಳಿ ವಿಮಾನ ಹತ್ತಿ ಹೋದಳು. ಎಷ್ಟು ಜನ ಹಾಗೆ ಬಿಟ್ಟುಕೊಡುತ್ತಾರೆ? ಆ ಮಹಾತಾಯಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

“ನಿನ್ನ ಹೆಸರು ದಪ್ಪಕ್ಷರದಲ್ಲಿ ಹಾಕಿಸ್ತೀನಿ” ಎಂದು ಮಾಸ್ಟರು ಹಿಗ್ಗಿದರು. “ಬೇಡ ಮಾಸ್ಟರ್, ನಿಮ್ಮ ದಮ್ಮಯ್ಯ. ಹೆಸರು ಬಂದ್ರೆ ನಾನು ನಾಳೆಯಿಂದ ಹಾಡೋ ಹಾಗಿಲ್ಲ” ಎಂದು ಅತ್ತೇಬಿಟ್ಟೆ. ಕೊನೆಗೆ ಗಾಯಕಿಯ ಜಾಗದಲ್ಲಿ “ಸಂಗಡಿಗರು” ಎಂದು ಹಾಕಿದರು. ಒಬ್ಬಳೇ ಹಾಡಿದ ಹಾಡಿಗೆ!

ಮುಂದಿನದು ನಿಮಗೆ ಗೊತ್ತೇ ಇದೆ. ಸಿನಿಮಾ ಒಂದು ವಾರ ಓಡಿತು. ಹಾಡು ಓಡುತ್ತಲೇ ಹೋಯಿತು. ಬೆಂಗಳೂರಿನ ಯಾವುದೋ ಪಬ್ಬಿನ ಡೀಜೆ ಒಬ್ಬ ಅದರ ವೇಗ ಹೆಚ್ಚಿಸಿ, “ಆರ್ಸು, ಆರ್ಸು” ಎಂಬುದನ್ನೇ ಹತ್ತಾರು ಸಲ ತಿರುಗಿಸಿ, ನನ್ನ ಬಳೆಯ ಸದ್ದನ್ನೇ ತಾಳ ಮಾಡಿ ಹಾಕಿದನಂತೆ. ಅಲ್ಲಿಂದ ಎಲ್ಲರ ಫೋನಿಗೆ. ಗಣೇಶನ ಮೆರವಣಿಗೆಗೆ. ನೆಲಮಂಗಲದ ಗೋಡೌನುಗಳ ಮುಂದೆ ನಿಂತ ಲಾರಿಗಳಿಗೆ. ಒಂದು ಭಾನುವಾರ ಮಧ್ಯಾಹ್ನ ಮಾಸ್ಟರು ನನ್ನನ್ನು ಆ ಪಬ್ಬಿಗೇ ಕರೆದುಕೊಂಡು ಹೋದರು. ಬಾಗಿಲಿನವನು ನನ್ನ ಸೀರೆ, ಊಟದ ಡಬ್ಬಿ ನೋಡಿ, “ಯಾರು ಬೇಕಮ್ಮ?” ಎಂದ. ಒಳಗೆ ಆ ಹಾಡು ಹಾಕಿದಾಗ ನೆಲ ಅದುರಿತು. ಹುಡುಗರು, ಹುಡುಗಿಯರು ಒಟ್ಟಿಗೆ ಕೈ ಮೇಲೆತ್ತಿ ನನ್ನ ದನಿಗೆ ದನಿ ಸೇರಿಸಿದರು. ನಾಚಿಕೆ ಆಗಬೇಕಿತ್ತು ಎನ್ನುತ್ತೀರಾ? ಆಗಲಿಲ್ಲ. ಅಷ್ಟು ವರ್ಷ ಅಳಿಸಿಹಾಕಿಸಿಕೊಂಡ ದನಿ ಅಂದು ಅಳಿಯದೆ ಮೊಳಗುತ್ತಿತ್ತು. ಖುಷಿಯಿಂದ ನನ್ನ ಕಣ್ಣಲ್ಲಿ ನೀರು ಬಂತು.

ಮನೆಯಲ್ಲಿ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಟೀವಿಯಲ್ಲಿ ಆ ಹಾಡು ಬಂದರೆ ಓಡಿ ಹೋಗಿ ಆರಿಸುತ್ತಿದ್ದೆ. ಒಂದು ಸಲ ಅದೇ ಹಾಡಿನ ತುಣುಕು ಕೇಳಿಸಿ ಅದರ ಮೇಲೆ ಚರ್ಚೆ. ಶಲ್ಯ ಹೊದ್ದವರೊಬ್ಬರು, ಇದು ನಮ್ಮ ಮಣ್ಣಿನ ಸಂಸ್ಕೃತಿಯೇ ಅಲ್ಲ ಎಂದು ಮೇಜು ಕುಟ್ಟುತ್ತಿದ್ದರು. ಆ ಮಣ್ಣಿನ ಮುನಿಯಮ್ಮ ನನ್ನ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾನು ಎದ್ದು ಟೀವಿ ಆರಿಸಿದೆ. “ಯಾಕೆ ಆರ್ಸಿದೆ?” ಎಂದರು ಅತ್ತೆ. “ತಲೆನೋವು” ಎಂದೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು.

ಹೀಗಿರುವಾಗ ದೊಡ್ಡ ಭಾವನವರ ಮಗಳ ಮದುವೆ ಬಂತು. ಗಂಡಿನವರು ದೇವನಹಳ್ಳಿ ಕಡೆ, ಚನ್ನರಾಯಪಟ್ಟಣದವರು. ಮದುವೆ ಸಾಂಗವಾಗಿ ಮುಗಿದು ಮಾರನೆಯ ದಿನ ಬೀಗರೂಟಕ್ಕೆ ಅವರ ಊರಿಗೆ ಹೋದೆವು. ಮಟಮಟ ಮಧ್ಯಾಹ್ನ, ಶಾಮಿಯಾನದ ತುಂಬ ಜನ, ಬಾಡೂಟದ ಘಮ. ಮೂಲೆಯಲ್ಲಿ ಆಳೆತ್ತರದ ಸ್ಪೀಕರು. ಮೊದಲ ಪಂಕ್ತಿಗೆ ಎಲೆ ಹಾಕಿದ್ದಾರೆ, ಆಗ ಯಾರೋ ಹಾಕಿಯೇಬಿಟ್ಟರು: “ಲೈಟ್ ಆರ್ಸು ಅಂದ...” ಹುಡುಗರೆಲ್ಲ ಎದ್ದು ಕುಣಿಯತೊಡಗಿದರು.

ಭಾವನವರು ಎಲೆ ಮುಂದಿನಿಂದ ಎದ್ದರು.

“ಏಯ್, ನಿಲ್ಸ್ರೋ ಅದನ್ನ! ಹೆಣ್ಮಕ್ಳು ಕೂತಿರೋ ಕಡೆ ಇಂಥ ಹಾಡಾ?” ಎಂದು ಗುಡುಗಿದರು. ಹಾಡು ನಿಂತಿತು. ಅವರಿಗೆ ಕೋಪ ಇಳಿಯಲಿಲ್ಲ. “ಇದನ್ನ ಹಾಡಿರೋಳು ಎಂಥ ಮನೆಯವ್ಳೋ! ಅವಳಿಗೆ ಹೇಳೋರು ಕೇಳೋರು ಯಾರೂ ಇಲ್ವಾ?”

ಹೆಂಗಸರ ಸಾಲಿನಿಂದ ಅತ್ತೆಯ ದನಿ ಬಂತು. ಅದಕ್ಕೆ ಮೈಕೇನೂ ಬೇಕಿರಲಿಲ್ಲ.

“ನಮ್ಮನೆಯವಳೇ ಕಣಪ್ಪ.”

ಭಾವನವರು ತಿರುಗಿ ನೋಡಿದರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಿದ್ದರು.

“ಹಾಡಿರೋಳು ನಮ್ಮ ಜಯ. ಹಾಡು ನಂದು. ಬೈಯೋದಾದ್ರೆ ನನ್ನನ್ನ ಬೈಯಿ. ನಿನ್ ಮದುವೇಲೂ ಇದನ್ನೇ ಹಾಡಿದ್ದೆ, ಮರ್ತೋಯ್ತಾ? ನಿಮ್ಮಾವ ನಕ್ಕೂ ನಕ್ಕೂ ಪಾಯಸ ನೆತ್ತಿಗೇರಿ ಕೆಮ್ತಾ ಇದ್ದ. ನೀನೂ ಪೇಟ ಮುಖಕ್ಕೆ ಅಡ್ಡ ಹಿಡ್ಕೊಂಡು ನಗ್ತಿದ್ದೆ. ನಾನು ನೋಡಿದೀನಿ.”

“ಅವ್ವಾ, ಅದು ಬೇರೆ, ಇದು...”

“ಹ್ಞೂ, ಬೇರೆನೇ. ನಾನೂ ಅದನ್ನೇ ಹೇಳ್ತಿರೋದು. ಈ ಮುಂಡೇವು ಗೊರಕೆನ ತೆಗ್ದಾಕವ್ರೆ! ಗೊರಕೆ ಇಲ್ದಿದ್ರೆ ಅದೇನು ಹಾಡು? ಬರೀ ಹಲ್ಕಿರಿಯೋದು.” ಹೇಳಿದವರೇ ಹೊಸ ಬೀಗರ ಎಲೆಯ ಮುಂದೆ ಹೋಗಿ ನಿಂತು, ಎಪ್ಪತ್ತು ದಾಟಿದ ಆ ಕೈಗಳಿಂದ ಚಪ್ಪಾಳೆ ತಟ್ಟಿ ಮೊದಲಿನಿಂದ ಎತ್ತಿದರು. ಎರಡನೆಯ ಸಾಲಿಗೆ ಎರಡೂ ಕಡೆಯ ಮುದುಕಿಯರು ಸೇರಿಕೊಂಡರು. ಮೂರನೆಯ ಸಾಲಿಗೆ ನಾನು. ಗೊರಕೆಗೆ ಇಡೀ ಶಾಮಿಯಾನ! ಹೊಸ ಬೀಗರು ಕಣ್ಣೊರೆಸಿಕೊಂಡು ನಗುತ್ತಾ ಎದ್ದು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಎರಡೂ ಕೈಯಿಂದ ಅತ್ತೆಗೆ ಕೊಟ್ಟರು. ಭಾವನವರ ಮೀಸೆ ಅಲ್ಲಾಡಿತು. “ಊಟಕ್ಕೆ ಕೂತ್ಕೊಳ್ರಪ್ಪ, ಸಾರು ಆರೋಗ್ತದೆ” ಎಂದು ತಾವೂ ಕೂತರು. ಪಾಸಿನ ಮಾತು ಅವರ ಬಾಯಿಂದ ಮತ್ತೆಂದೂ ಬರಲಿಲ್ಲ.

ಈಗ ಮಾಸ್ಟರಿಲ್ಲ. ಟ್ರ್ಯಾಕಿಗೂ ಮನುಷ್ಯರು ಬೇಕಾಗಿಲ್ಲ, ಯಂತ್ರವೇ ಹಾಡುತ್ತದಂತೆ. ನನ್ನ ದನಿಯೂ ದಪ್ಪವಾಗಿದೆ. ಯಾವುದರ ಬಗ್ಗೆಯೂ ನನಗೆ ದೂರಿಲ್ಲ. ರಂಗೋಲಿಯ ಚುಕ್ಕಿ ಕಲಿಸಿದವರು, ಹೆಗಲ ಟವೆಲು ಹರಿದುಕೊಟ್ಟವರು, ಹಾಡು ಬಿಟ್ಟುಕೊಟ್ಟು ಹೋದವಳು, ಇಷ್ಟು ಒಳ್ಳೆಯವರು ಒಬ್ಬಳ ಪಾಲಿಗೆ ಸಿಕ್ಕಿದ್ದೇ ಹೆಚ್ಚು. ಆದರೆ ಇವರೆಲ್ಲರಿಗಿಂತ ಮೊದಲು ಹೇಳಬೇಕಾದ ಹೆಸರನ್ನು ನಾನು ಆ ಬೀಗರೂಟದ ದಿನದ ತನಕ ಎಲ್ಲೂ ಹೇಳಿರಲಿಲ್ಲ.

ಬೀಗರೂಟ ಮುಗಿಸಿ ಟೆಂಪೋದಲ್ಲಿ ವಾಪಸ್ ಬರುವಾಗ ಅತ್ತೆಯ ಪಕ್ಕದಲ್ಲಿ ಕೂತಿದ್ದೆ. ಇನ್ನು ತಡೆಯಲಾಗಲಿಲ್ಲ. “ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು?” ಎಂದೆ.

“ಟೀವಿ ಆರ್ಸಿದ್ಯಲ್ಲ, ಅವತ್ತೇಯ. ಇಪ್ಪತ್ತು ವರ್ಷದಿಂದ ನಿನ್ ಹಾಡು ಕೇಳ್ತಿದೀನಿ, ನಿನ್ ಗಂಟ್ಲು ನಂಗೆ ಗೊತ್ತಾಗಲ್ವೇನೆ?”

“ನಿಮ್ಮನ್ನ ಕೇಳದೆ ತಗೊಂಡು ಹೋದೆ. ನಿಮ್ಮ ಹೆಸರೂ ಹೇಳ್ಲಿಲ್ಲ. ತಪ್ಪಾಯ್ತು ಅತ್ತೆ.”

ಅವರು ಕಿಟಕಿಯಾಚೆ ದ್ರಾಕ್ಷಿ ತೋಟಗಳನ್ನು ನೋಡುತ್ತಲೇ ಹೇಳಿದರು:

“ಕೇಳಿದ್ರೆ ಕೊಡ್ತಿರ್ಲಿಲ್ಲ ಕಣೆ.”

“ಯಾಕತ್ತೆ?”

“ನಾನೇ ಬಂದು ಹಾಡ್ತಿದ್ದೆ.”

ಅಷ್ಟು ವರ್ಷ ದಿನಾ ಆ ಬಸ್ಸು ಹತ್ತಿದ್ದೆ. ಅವರು ದಿನಾ ಡಬ್ಬಿ ಕೈಗಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ನೀವೂ ಬರ್ತೀರಾ ಎಂದು ಒಂದೇ ಒಂದು ದಿನ ನಾನು ಕೇಳಿರಲಿಲ್ಲ. ಸೋಮವಾರ ಬೆಳಗ್ಗೆ ಹಸುವನ್ನು ಓರಗಿತ್ತಿಗೆ ಒಪ್ಪಿಸಿ, ಅತ್ತೆಯ ಕೈ ಹಿಡಿದು ಬಸ್ಸು ಹತ್ತಿಸಿದೆ, ಕಿಟಕಿ ಪಕ್ಕದ ಸೀಟು ಅವರಿಗೆ ಬಿಟ್ಟೆ. ಸ್ಟುಡಿಯೋದಲ್ಲಿ ಮಾಸ್ಟರ್ ಮುಂದೆ ಅವರನ್ನು ನಿಲ್ಲಿಸಿ, “ಮಾಸ್ಟರ್, ಆ ಹಾಡು ಇವರದು” ಎಂದೆ.